ಗೋಡೆ ಕೊರೆಸಿದ ಟೀಚರ್

ಸುರಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಟೀಚರ್ ಇದ್ದರು. ಮಾತಾಡುವಾಗ ಅವರ ಕೈಗಳು ಸುಮ್ಮನಿರುತ್ತಿರಲಿಲ್ಲ. ನಾರಾಯಣಪುರದಲ್ಲಿದ್ದ ಅವರ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ದಿನಾ ಸಂಜೆ ಅಕ್ಕತಂಗಿಯರು ವಿಡಿಯೋ ಕಾಲ್‌ನಲ್ಲಿ ಕೈಸನ್ನೆಯಲ್ಲೇ ಹರಟುತ್ತಿದ್ದರು. ಆದರೆ ದಪ್ಪ ಕಲ್ಲಿನ ಗೋಡೆ ದಾಟಿ ವೈಫೈ ಒಳಮನೆಗೆ ಸರಿಯಾಗಿ ಬಾರದೆ ಚಿತ್ರ ನಿಂತು ನಿಂತು ಹೋಗುತ್ತಿತ್ತು. ಅಕ್ಕ ಉತ್ತರಿಸಲು ತಡಮಾಡಿದರೂ, ಕೇಳಿದ್ದೊಂದಕ್ಕೆ ಇನ್ನೊಂದು ಹೇಳಿದರೂ ಟೀಚರ್, "ಎಲ್ಲಾ ಈ ನೆಟ್ಟಿನ ಕಾಟರೀ" ಎನ್ನುತ್ತಿದ್ದರು.

ಕೊನೆಗೊಮ್ಮೆ ಗೋಡೆ ಕೊರೆಸಿ, ಮುಂದಿನ ಕೋಣೆಯಿಂದ ಕೇಬಲ್ ಎಳೆಸಿ, ಒಳಗೆ ಇನ್ನೊಂದು ರೂಟರ್ ಹಾಕಿಸಿದರು. ನೋಡಲು ನನ್ನನ್ನೂ ಕರೆದರು. ಅಂದು ಅಕ್ಕನ ಮುಖ ನಿಚ್ಚಳವಾಗಿ ಮೂಡಿತು. ಟೀಚರ್ ನಗುತ್ತ ಕೈಯಾಡಿಸಿದರು. ಅಕ್ಕನ ನೋಟ ಬೇರೆಲ್ಲೋ ಇತ್ತು.

ಅಕ್ಕನ ಸೊಸೆ ಫೋನಿನ ಮುಂದೆ ಬಂದಳು. "ಚಿಗವ್ವ, ನಮ್ಮತ್ತಿಯವರ ಕಣ್ಣ ಭಾಳ ದಿನದಿಂದ ಮಂಜಾಗಿದ್ವು. ನಿಮಗ ಹೇಳಬ್ಯಾಡ ಅಂದಿದ್ರು. ಈಗ ಏನೂ ಕಾಣಂಗಿಲ್ರಿ."

ಟೀಚರ್ ಎತ್ತಿದ ಕೈಯನ್ನು ಇಳಿಸಲೇ ಇಲ್ಲ. "ಅಕಿ ತಡವರಿಸಿದಾಗೆಲ್ಲ ನಾ ನೆಟ್ಟಿಗಿ ಬೈದ್ನಲ್ಲರೀ" ಎಂದು ನನ್ನತ್ತ ತಿರುಗಿದರು.

ಮರುದಿನವೇ ಹುಣಸಗಿ ಮೇಲೆ ಹೋಗುವ ಬಸ್ಸು ಹತ್ತಿ ನಾರಾಯಣಪುರಕ್ಕೆ ಹೋದರು. ಅಕ್ಕ ಅವರ ಮುಖವನ್ನೆಲ್ಲ ತಡವಿ, ಹುಬ್ಬಿನ ಮೇಲಿನ ಹಳೆಯ ಗಾಯದ ಕಲೆ ಬೆರಳಿಗೆ ಸಿಕ್ಕ ಮೇಲಷ್ಟೇ ತಂಗಿಯ ಗುರುತು ಹಿಡಿದರಂತೆ.