ಸಾವಿನ ಪುಟದಲ್ಲಿ ಮುಚ್ಚಿದ ಪುಸ್ತಕ

ದಿನಕ್ಕೆ ಹನ್ನೆರಡು ಪುಟ ಎಂಬುದು ನಾನೇ ಮಾಡಿಕೊಂಡ ನಿಯಮ. ನನ್ನ ಹಳೆಯ ದಿನಚರಿಯಲ್ಲಿ ಆ ಲೆಕ್ಕ ಹಾಗೇ ಇದೆ: ಸೋಮವಾರ, ಪುಟ 1ರಿಂದ 12, ರೊಟ್ಟಿ ನೂರಾ ಎಂಬತ್ತು, ಕಾಕು ಕೇಳಿದ ಪ್ರಶ್ನೆ ಒಂಬತ್ತು.

ಉಣಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಮತ್ತು ನಾನು ಕಾಕು ಎಂದು ಕರೆಯುವ ಪಕ್ಕದ ಮನೆಯಾಕೆ ಸೇರಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದರು. ಮಧ್ಯಾಹ್ನ ಕಾಲೇಜು ಬಿಟ್ಟು ಬಂದವಳು ಬಾಗಿಲ ಬಳಿ ಕೂತು ಅವರಿಗೆ ಓದಿ ಹೇಳುತ್ತಿದ್ದೆ. ಹಿಮ ಬೀಳುವ ಯಾವುದೋ ದೇಶದ ಮಾಯಾಲೋಕದ ಕಾದಂಬರಿ, ಕನ್ನಡಕ್ಕೆ ಅನುವಾದವಾದದ್ದು. ರೊಟ್ಟಿ ಬಡಿಯುವ ಸದ್ದಿಗೆ ಸರಿಯಾಗಿ ದನಿ ಏರಿಸಿ ಓದುತ್ತಿದ್ದ ಆ ಮಧ್ಯಾಹ್ನಗಳು ಈಗಿಲ್ಲ. ಅವ್ವ ಯಂತ್ರ ತಂದಿದ್ದಾಳೆ.

ಪರದೇಶದ ಹೆಸರುಗಳಿಗೆ ಕಾಕುವಿನ ನಾಲಿಗೆ ಹೊರಳಲಿಲ್ಲ. ಮುದಿ ಮಂತ್ರವಾದಿ ಎರಡನೇ ದಿನಕ್ಕೇ ‘ಗಡ್ಡದ ಮುತ್ಯಾ’ ಆದ. ಬೆಂಕಿ ಉಗುಳುವ ರೆಕ್ಕೆಯ ಹಾವು ಬಂದಾಗ ಇಬ್ಬರೂ ಹೆದರಲಿಲ್ಲ.

“ಅದು ಏನ್ ತಿಂತೈತಿ?” ಎಂದರು ಕಾಕು.

“ಕುರಿ ತಿಂತೈತ್ರಿ. ಒಮ್ಮೊಮ್ಮೆ ಮನುಷ್ಯಾರ್ನ.”

“ನಮ್ಮ ಮನಿಗೆ ಬರ್ಲಿ, ತಿಂಗಳಿಗೊಂದು ಸಿಲಿಂಡರ್ ಉಳಿತೈತಿ,” ಎಂದಳು ಅವ್ವ.

ಇಪ್ಪತ್ತೊಂದನೇ ದಿನ, ಪುಟ 252ರ ಕೊನೆಯ ಸಾಲಿನಲ್ಲಿ ಗಡ್ಡದ ಮುತ್ಯಾ ಹಿಮದಲ್ಲಿ ಬಿದ್ದು ಸತ್ತ. ಪುಸ್ತಕ ಮುಚ್ಚಿದೆ. ಕಾಕುವಿನ ಕೈ ಹಿಟ್ಟಿನ ಮೇಲೇ ನಿಂತಿತು.

“ಹಂಗ ಮುಚ್ಚಬಾರದವಾ. ಮಠದಾಗ ಪುರಾಣ ಹೇಳೋರು ಸಾವಿನ ಮ್ಯಾಲೆ ನಿಲ್ಲಸಂಗಿಲ್ಲ. ಏನರ ಛಲೋ ಆಗೋಮಟ ಹೇಳೇ ಏಳ್ತಾರ.”

“ಇದೇನ್ ಪುರಾಣ ಅಲ್ರಿ ಕಾಕು, ಪರದೇಶದ ಕಥಿ. ಹನ್ನೆರಡು ಪುಟ ಆತು.”

ಕಾಕು ಮತ್ತೆ ರೊಟ್ಟಿ ಬಡಿಯತೊಡಗಿದರು. ಎರಡು ದಿನ ಬಿಟ್ಟು ಅವರ ಗಂಡನಿಗೆ, ನಮ್ಮ ಕಾಕಾನಿಗೆ, ಹೃದಯದ ಆಪರೇಷನ್ ಇತ್ತು. ಅದು ನನಗೆ ಗೊತ್ತಿತ್ತು, ದಿನಚರಿಯಲ್ಲಿ ಬರೆದೂ ಇದ್ದೆ. ಮುತ್ಯಾನ ಸಾವನ್ನೂ ಇದನ್ನೂ ಜೋಡಿಸಿ ನೋಡಲು ಮಾತ್ರ ತೋಚಿರಲಿಲ್ಲ.

ಮರುದಿನ ಕಾಕು ರೊಟ್ಟಿಗೆ ಬರಲಿಲ್ಲ. ಪುಸ್ತಕ ಹಿಡಿದು ನಾನೇ ಅವರ ಮನೆಗೆ ಹೋದೆ. ಕಾಕಾ ಬೆಳಿಗ್ಗೆಯೇ ಮಗನ ಜೊತೆ ಆಸ್ಪತ್ರೆ ಸೇರಿದ್ದರು. ಕಾಕು ತಾವು ಹೊರಡಲು ಚೀಲ ತುಂಬುತ್ತಿದ್ದರು.

“ಮುಂದ ಓದಲೇನ್ರಿ?”

ಚೀಲ ಸರಿಸಿ ನನಗೆ ಕೂರಲು ಜಾಗ ಮಾಡಿದರು. ಓದಿದೆ. ಹನ್ನೆರಡು ಪುಟ ಮುಗಿಯುವಷ್ಟರಲ್ಲಿ ಇನ್ನೂ ಇಬ್ಬರು ಸತ್ತರು. ನಿಲ್ಲಿಸದೆ ಮುಂದುವರಿಸಿದೆ. ಆಮೇಲೆ ಬಿರುಗಾಳಿ, ದಾರಿ ತಪ್ಪಿದ್ದು, ತೋಳಗಳು. ಹಾರಿಸಿ ಓದೋಣವೆಂದರೆ ಕಾಕು ಹಿಡಿದುಬಿಡುತ್ತಾರೆ.

“ಬರದಾಂವಗ ಹೆಂಡ್ರು ಮಕ್ಕಳು ಇದ್ದಿಲ್ಲೇನ?” ಎಂದರು, ಟವೆಲ್ ಮಡಚುತ್ತ.

ಆವತ್ತು ಓದಿದ ಮೂವತ್ತೇಳನೇ ಪುಟಕ್ಕೆ ಉಳಿದವರು ಕುರಿ ಕಾಯುವವಳೊಬ್ಬಳ ಗುಡಿಸಲು ಮುಟ್ಟಿದರು. ಆಕೆ ಒಲೆ ಹಚ್ಚಿ ಬಿಸಿ ಗಂಜಿ ಬಡಿಸಿದಳು.

“ಉಂಡ್ರೇನು?”

“ಉಣ್ಣಾಕತ್ತಾರ್ರಿ.”

“ಎಲ್ಲಾರೂ?”

“ಎಲ್ಲಾರೂ.”

“ಸಾಕು, ಇಲ್ಲೇ ಮುಚ್ಚು. ಕಾಕಾ ಮನಿಗೆ ಬರೋಮಟ ತಗೀಬ್ಯಾಡ.” ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬೀಗ ಹಾಕಿದರು.

ಆಪರೇಷನ್ ಆದ ಹನ್ನೊಂದನೇ ದಿನ ಕಾಕಾ ಮನೆಗೆ ಬಂದರು. ನೋಡಲು ಹೋದ ನನ್ನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಕೇಳಿದರು: “ನಿಮ್ಮ ಕಾಕು ಆಸ್ಪತ್ರ್ಯಾಗ ಅಷ್ಟೂ ಕಥಿ ಹೇಳ್ಯಾಳ. ಗಂಜಿ ಉಂಡವರು ಆಮ್ಯಾಲೆ ಎತ್ತಾಗ ಹ್ವಾದ್ರು?”