ಕಾಶಿಯಲ್ಲಿ ಬಿಟ್ಟ ಹಾಗಲಕಾಯಿ

ನನ್ನ ಸೋದರಮಾವ ಕಾಶಿಗೆ ಹೋಗಿ ಹಾಗಲಕಾಯಿ ಬಿಟ್ಟು ಬಂದರು. ಹುಟ್ಟಿದಂದಿನಿಂದ ಅದನ್ನು ನಾಲಗೆಗೆ ಮುಟ್ಟಿಸಿದವರಲ್ಲ ಅವರು. ಪಕ್ಕದವರ ಎಲೆಗೆ ಬಡಿಸಿದರೂ ಮುಖ ಸಿಂಡರಿಸಿಕೊಳ್ಳುತ್ತಿದ್ದವರು. ಕಾಶಿಗೆ ಹೋದವರು ತಮಗೆ ಪ್ರೀತಿಯದ್ದೊಂದನ್ನು ಗಂಗೆಗೆ ಬಿಡಬೇಕು, ಬಿಟ್ಟ ಮೇಲೆ ಸಾಯುವ ತನಕ ಅದರ ತಂಟೆಗೆ ಹೋಗಬಾರದು ಎಂಬುದು ನಮ್ಮ ಕಡೆಯ ನಡಾವಳಿ. ಆದರೆ ಬಂಗುಡೆ ಮೀನು ಬಿಟ್ಟು ಬಂದವರನ್ನು ನಾನು ಕುಂದಾಪುರದ ಸೀಮೆಯಲ್ಲಿ ಒಬ್ಬರನ್ನೂ ಕಂಡಿಲ್ಲ. ಎಲ್ಲರೂ ಬಿಟ್ಟದ್ದು ಹಾಗಲವನ್ನೋ ಸುವರ್ಣಗೆಡ್ಡೆಯನ್ನೋ. ತಮಗೆ ಬೇಡವಾದದ್ದನ್ನು ಎಸೆಯಲು ಅಷ್ಟು ದೂರ ಹೋಗಬೇಕಾ? ನಮ್ಮ ಮನೆಯ ಹಿಂದೆಯೇ ಹೊಳೆ ಇತ್ತು.

ನಮ್ಮದು ಅಳಿಯಸಂತಾನದ ಮನೆ. ಮನೆ ಅಮ್ಮನ ಕಡೆಯದೇ, ಆದರೆ ಯಜಮಾನಿಕೆ ಅಮ್ಮನ ಅಣ್ಣನದು. ಅಪ್ಪಯ್ಯ ನಾನು ಕೈಗೂಸಿದ್ದಾಗಲೇ ತೀರಿಹೋಗಿದ್ದರು. ಮಾವನದು ಒಣಮೀನಿನ ವ್ಯಾಪಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಒಣಮೀನಿಗೆ ಬಂದ ಬೆಲೆಯಲ್ಲಿ ಹುಲ್ಲಿನ ಮಾಡು ತೆಗೆಸಿ ಹೆಂಚು ಹೊದೆಸಿದ್ದರು. ಹೆಂಚು ಬಂದ ಮೇಲೆ ಮೀಸೆಯೂ ಬಂತು. ಬೆಳಿಗ್ಗೆ ಎದ್ದು ಅದಕ್ಕೆ ಎಣ್ಣೆ ಹಚ್ಚಿ ತಿರುಪದೆ ಅವರು ಗಂಜಿಗೆ ಕೂರುತ್ತಿರಲಿಲ್ಲ. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕಂತೆ. ಹೇಳಲಿ, ಒಳ್ಳೆಯದು ಕಂಡವರು ಹೇಳಲಿ.

ಅಮ್ಮನದು ಒಂದೇ ಮಾತು, ‘ಹೂಂ.’ ಅಣ್ಣ ಗದ್ದೆಗೆ ಹೋಗು ಅಂದರೆ ಹೂಂ, ನೆಂಟರು ಬರುತ್ತಾರೆ ಅಡುಗೆ ಮಾಡು ಅಂದರೆ ಹೂಂ, ಜ್ವರದಲ್ಲಿ ಮಲಗಿದ್ದಾಗ ಏಳು ಅಂದರೂ ಹೂಂ.

ಯುದ್ಧ ಮುಗಿದ ಮರುವರ್ಷ, ನನಗೆ ಹದಿನಾರು ನಡೆಯುತ್ತಿದ್ದಾಗ, ಮಾವ ಜಗಲಿಯಲ್ಲಿ ಕೂತು ಅಮ್ಮನನ್ನು ಕರೆದರು.

"ಗಂಗೊಳ್ಳಿಯವ್ರ್ ಕೇಂತಿದ್ರ್. ಹೆಣ್ಣನ್ನ ಅಲ್ಲಿಗೆ ಕೊಡ್ವ ಅಂದೇಳಿ ಮಾಡಿದೆ. ಕಾಶಿಗ್ ಹೋಯ್ ಬಂದ್, ಸಮಾರಾಧನಿ ದಿನವೇ ವೀಳ್ಯ. ಆತಲೆ?"

"ಹೂಂ," ಅಂದಳು ಅಮ್ಮ.

ಗಂಗೊಳ್ಳಿಯವರು ಅಂದರೆ ಮಾವನ ವ್ಯಾಪಾರದ ಗೆಳೆಯ. ಹೆಂಡತಿ ಸತ್ತಿದ್ದಳು, ಹಿರಿಮಗಳು ನನಗಿಂತ ದೊಡ್ಡವಳು. ಆ ಮನುಷ್ಯನಿಗೆ ಕಡಲಲ್ಲಿ ಸರಕು ಸಾಗಿಸುವ ಹಾಯಿಯ ಮಂಜಿಗಳಿದ್ದವು. ಮಾವನಿಗೆ ಒಣಮೀನು ತುಂಬಿಸಲು ಮಂಜಿ ಬೇಕಿತ್ತು. ನಡುವೆ ನಾನು, ಮೀನಿನ ಬುಟ್ಟಿಯ ಮೇಲಿನ ತಟ್ಟಿಯ ಹಾಗೆ. ಬಾವಿಕಟ್ಟೆಯಲ್ಲಿ ಅಮ್ಮನನ್ನು ಹಿಡಿದು ನಿಲ್ಲಿಸಿ ಕೇಳಿದೆ, "ನಿಂಗೆ ಬೇರೆ ಮಾತೇ ಬತ್ತಿಲ್ಯಾ? ನಿನ್ನ ಹೂಂ ನನ್ ಕುತ್ಗಿಗೆ ಉರ್ಲಾತ್ತ್, ಗೊತ್ತಿತಾ?" ಅವಳು ಕೊಡಪಾನ ಸೊಂಟಕ್ಕೆ ಇಟ್ಟುಕೊಂಡು ಒಳಗೆ ಹೋದಳು. ಮಾವನಿಗಿಂತ ಅವಳ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂದಿತ್ತು.

ಹೊರಟೆವು ಮೂವರು. ಮಾವನಿಗೆ ಅಡುಗೆ ಮಾಡಿ ಹಾಕಲು ಅಮ್ಮ, ಗಂಟು ಹೊರಲು ನಾನು. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಕುಂಭಾಶಿಯ ಏರಿನಲ್ಲಿ ಕೆಮ್ಮಿ ನಿಂತಿತು. ಮಾವ ಕೂತಲ್ಲಿಂದಲೇ ಆನೆಗುಡ್ಡೆಯ ಗಣಪತಿಯ ಕಡೆಗೆ ಕೈಮುಗಿದರು, ನಾವು ಇಳಿದು ದೂಡಿದೆವು. ಮಾಬುಕಳದಲ್ಲಿ ದೋಣಿ, ಆಚೆ ಇನ್ನೊಂದು ಬಸ್ಸು, ಕಲ್ಯಾಣಪುರದಲ್ಲಿ ಮತ್ತೆ ದೋಣಿ. ಮಲ್ಪೆಯಲ್ಲಿ ಹೊಗೆಯುಗುಳುವ ಆಗಬೋಟು ಹತ್ತಿ ಬೊಂಬಾಯಿ, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಮಾವನದು ಒಂದೇ ರಾಗ, "ನಂಗೆ ಬೊಂಬಾಯಿ ಭಾಷೆ ಬತ್ತ್. ಕಾಶಿಯಾರೆಂತ, ರಾಮೇಶ್ವರವಾರೆಂತ?" ಅವರು ಕಂಡ ಬೊಂಬಾಯಿ ನಮಗೆ ಗೊತ್ತಿಲ್ಲವೇ? ಹಿಂದೊಮ್ಮೆ ಹೋಗಿ ನಮ್ಮೂರಿನವರದೇ ಹೋಟೆಲಿನ ಅಡುಗೆಮನೆಯ ಹಿಂದೆ ಕೆಲವು ದಿನ ಮಲಗಿ ಬಂದದ್ದು. ಅಲ್ಲಿ ಹೆಂಚಿಗೆ ದೋಸೆ ಹೊಯ್ಯುವವನಿಂದ ತಟ್ಟೆ ತೊಳೆಯುವವನ ತನಕ ಎಲ್ಲರೂ ಕುಂದಾಪ್ರ ಕನ್ನಡದವರೇ.

ಕಾಶಿಯ ಬಗ್ಗೆ ಏನು ಹೇಳಲಿ? ಹೋಗಿ ಬಂದವರೆಲ್ಲ ಪುಣ್ಯ, ಪುಣ್ಯ ಅಂದರು, ಸಗಣಿಯ ಮಾತು ಯಾರೂ ಎತ್ತಲಿಲ್ಲ. ಒಬ್ಬರು ಹೋಗುವಷ್ಟು ಗಲ್ಲಿ, ಅದರಲ್ಲಿ ಎದುರಿಗೆ ಗೂಳಿ. ಗೂಳಿಗೆ ದಾರಿ ಬಿಟ್ಟು ಗೋಡೆಗೆ ಒರಗಿದರೆ ಗೋಡೆಯ ಮೇಲೆ ಯಾರೋ ಉಗುಳಿದ ಎಲೆಯಡಿಕೆ. ದೇವರ ಎದುರು ಕಣ್ಣುಮುಚ್ಚಿ ಕೈಮುಗಿಯುವಷ್ಟರಲ್ಲಿ ಹಿಂದಿನವರು ದೂಡಿ ಹೊರಗೆ ಹಾಕಿದರು. ನಾನು ಕಂಡದ್ದು ಮುಂದೆ ನಿಂತವನ ಬೆವರಿದ ಬೆನ್ನು ಮಾತ್ರ. ಛತ್ರದಲ್ಲಿ ಮಾವ ಮೂಲೆಗೆ ತಿರುಗಿ, ಊರಿಂದ ತಂದ ಕುಚ್ಚಿಗೆ ಅಕ್ಕಿ ಗಂಜಿಗೆ ಒಣ ಸಿಗಡಿ ಚಟ್ನಿ ನೆಂಚಿಕೊಂಡು ಉಣ್ಣುತ್ತಿದ್ದರು. ಕಾಶಿಯಲ್ಲಿ ಸಿಗಡಿ! ಯಾತ್ರೆಯ ಶುದ್ಧಿಯ ಬಗ್ಗೆ ನಮಗೆ ಉಪದೇಶ ಮಾಡಿದ ಬಾಯಿ ಅದೇ.

ಅಲ್ಲಿ ಘಾಟಿನಲ್ಲಿ ಕ್ರಿಯೆ ಮಾಡಿಸುವ ಪುರೋಹಿತರಿಗೆ ಪಂಡಾ ಅನ್ನುತ್ತಾರೆ. ನಮಗೆ ಗಂಟುಬಿದ್ದವನು ಮರಾಠಿ ಯಾತ್ರಿಕರನ್ನು ನೋಡಿಕೊಳ್ಳುವ ಪಂಡಾ. ಹೊಟ್ಟೆ ಮುಂದೆ, ಅವನು ಹಿಂದೆ. ಹಿರಿಯರ ಕ್ರಿಯೆಗೆಂದು ಕ್ಷೌರದವನು ಮಾವನ ತಲೆ ಬೋಳಿಸುತ್ತಿದ್ದ. ಮೀಸೆಯ ಹತ್ತಿರ ಬಂದವನು ಕತ್ತಿ ನಿಲ್ಲಿಸಿ ಪಂಡಾನ ಮುಖ ನೋಡಿದ. ಪಂಡಾ ಮಾವನನ್ನು ಏನೋ ಕೇಳಿದ. ಮೀಸೆಗೆ ಗಂಡಾಂತರ ಬಂತೆಂದು ಮಾವನಿಗೆ ಅರ್ಥವಾಯಿತು. ಗಾಬರಿಯಲ್ಲಿ ಕೈ ಎತ್ತಿ, ಊರಿನಲ್ಲಿ ಯಾರನ್ನಾದರೂ ನಿಲ್ಲಿಸುವಾಗ ಕೂಗುವ ಹಾಗೆಯೇ ಕೂಗಿದರು, "ಹ್ವಾಯ್, ಹ್ವಾಯ್!"

ಪಂಡಾ ಸಂತೋಷದಿಂದ ತಲೆ ಆಡಿಸಿದ. ಕತ್ತಿ ಒಂದೇ ಎಳೆತಕ್ಕೆ ಮೀಸೆಯ ಒಂದು ಕಡೆಯನ್ನು ತೆಗೆಯಿತು. ಇನ್ನೊಂದು ಕಡೆಯನ್ನು ಉಳಿಸಿಕೊಂಡು ಏನು ಮಾಡುವುದು?

ಅಲ್ಲಿಗೆ ಮುಗಿಯಲಿಲ್ಲ. ಪಂಡಾ ಗೋದಾನ ಎಂದ. ಮಾವ "ಹ್ವಾಯ್, ನಿಲ್ಲಿ ಮರಾಯ್ರೆ" ಅಂದರು. ಒಂದು ಬಡಕಲು ಹಸು ಬಂತು. ಅದರ ಬಾಲವನ್ನೂ ಒಂದಿಷ್ಟು ಗಂಗೆಯ ನೀರನ್ನೂ ಮಾವನ ಕೈಗೆ ಕೊಟ್ಟು ಮಂತ್ರ ಹೇಳಿದ್ದೂ ಆಯಿತು. ಬೇರೆ ಬೇರೆ ದಾನಗಳೂ ಹೀಗೆಯೇ ಬಂದವು. ಮಾವ ಹ್ವಾಯ್ ಅಂದಷ್ಟೂ ಅವನು ಹುರುಪುಗೊಂಡ. ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಅನ್ನುತ್ತಾರಲ್ಲ, ಇವರ ಶನಿ ಇವರ ಬಾಯಲ್ಲೇ ಇತ್ತು.

ನಮ್ಮ ಛತ್ರದಲ್ಲೇ ಇಳಿದಿದ್ದ ಬೆಳಗಾವಿ ಕಡೆಯ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. "ಮರಾಠಿಯೊಳಗ ಹೋಯ್ ಅಂದ್ರ ಹೌದು ಅಂತ ಅಲ್ಲೇನವಾ. ನಿಮ್ಮ ಮಾವ ಎಲ್ಲಾದಕ್ಕೂ ಹೌದು ಹೌದು ಅನ್ನಾಕತ್ತಾರ," ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಬೊಂಬಾಯಿ ಭಾಷೆಯಂತೆ, ಬೊಂಬಾಯಿ ಭಾಷೆ!

ವಿಷಯ ತಿಳಿದ ಮೇಲೆ ಮಾವ ಕುಣಿದಾಡಿದರು. ಹಸು ಬೇಡ, ದಾನ ಬೇಡ, ನಾನು ಒಪ್ಪಲೇ ಇಲ್ಲ ಎಂದು ಆ ಹೆಂಗಸಿನಿಂದ ಹೇಳಿಸಿದರು. ಪಂಡಾ ಅಲ್ಲಾಡಲಿಲ್ಲ. ಅವನು ಹೇಳಿದ್ದನ್ನು ಅವಳು ನಮಗೆ ಕನ್ನಡದಲ್ಲಿ ಹೇಳಿದಳು: "ಕೈಯಾಗ ಗಂಗಿ ನೀರ್ ಹಿಡಕೊಂಡು ಆಡಿದ ಮಾತ ತಿರುಗಿ ತಗೊಳ್ಳಾಕ ಬರೂದಿಲ್ಲಂತ. ತಗೊಂಡ್ರ ವಂಶಕ್ಕ ಕೇಡಂತ." ವಂಶ ಎಂದದ್ದೇ ಮಾವ ತಣ್ಣಗಾದರು. ಬೋಳು ಮುಖ ಹೊತ್ತು ಕೊಡಬೇಕಾದದ್ದನ್ನು ಕೊಟ್ಟರು. ಅಮ್ಮ ಮಾತ್ರ ಆ ಹೆಂಗಸಿನ ಹತ್ತಿರ ಹೋಗಿ, ಪಂಡಾ ಏನು ಹೇಳಿದ ಎಂದು ಮತ್ತೊಮ್ಮೆ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಬಿಡುವ ಶಾಸ್ತ್ರ. ಮಾವ ನೀರಿಗೆ ಇಳಿಯುವ ಮೊದಲೇ ಅಪ್ಪಣೆ ಕೊಡಿಸಿದರು.

"ನಾನ್ ಹಾಗಲ ಬಿಡ್ತೆ. ನೀನ್ ಬದ್ನೆ ಬಿಡ್."

ಅಮ್ಮನಿಗೆ ಬದನೆ ಅಂದರೆ ಪ್ರಾಣ. ಬಾವಿಕಟ್ಟೆಯ ಪಕ್ಕದಲ್ಲಿ ತಾನೇ ಗಿಡ ನೆಟ್ಟು, ಹುಳ ಹೆಕ್ಕಿ ಬೆಳೆಸುತ್ತಿದ್ದಳು. ಆ ಮನೆಯಲ್ಲಿ ಅವಳದ್ದು ಅಂತ ಇದ್ದದ್ದು ಅದೊಂದೇ. ಅದು ಗೊತ್ತಿದ್ದೇ ಹೇಳಿದ್ದು ಮಾವ. ತಮಗೆ ಹಾಗಲ, ತಂಗಿಗೆ ಬದನೆ!

"ಹೂಂ," ಅಂದಳು ಅಮ್ಮ. ನನಗೆ ಅವಳನ್ನು ಹಿಡಿದು ಅಲ್ಲಾಡಿಸಿಬಿಡಬೇಕು ಅನ್ನಿಸಿತು.

ಮಾವ ಹಾಗಲಕಾಯಿಯನ್ನು ಇಡೀ ಘಾಟಿಗೆ ಕೇಳುವ ಹಾಗೆ ಬಿಟ್ಟರು. ಅಮ್ಮ ಬೊಗಸೆಯಲ್ಲಿ ನೀರು ಹಿಡಿದು ಬಹಳ ಹೊತ್ತು ನಿಂತಳು. ತುಟಿ ಅಲ್ಲಾಡಿತು, ಮಾತು ಕೇಳಲಿಲ್ಲ. ನೀರು ಬಿಟ್ಟು, ಸೀರೆ ಹಿಂಡಿಕೊಂಡು ಮೇಲೆ ಬಂದಳು.

ತಿರುಗಿ ಬರುವಾಗ ಅವಳು ಅಣ್ಣನ ಮಾತಿಗೆ ಉತ್ತರ ಕೊಟ್ಟದ್ದು ನಾನು ಕೇಳಲಿಲ್ಲ. ನೀರು ಕೊಡು ಅಂದರೆ ಕೊಡುತ್ತಿದ್ದಳು, ಗಂಟು ಬಿಚ್ಚು ಅಂದರೆ ಬಿಚ್ಚುತ್ತಿದ್ದಳು. ಬದನೆಯ ದುಃಖ ಇರಬೇಕು ಅಂದುಕೊಂಡೆ. ಮಾವನಿಗೆ ಅದು ಗಮನಕ್ಕೇ ಬರಲಿಲ್ಲ. ತಮ್ಮ ಮಾತನ್ನು ತಾವೇ ಕೇಳುತ್ತಾ ಕೂತವರಿಗೆ ಇನ್ನೊಬ್ಬರ ಬಾಯಿ ಮುಚ್ಚಿದ್ದು ಹೇಗೆ ತಿಳಿಯಬೇಕು?

ಸಮಾರಾಧನೆಯ ದಿನ ಬಾರ್ಕೂರಿನಿಂದ ಶಂಕರನಾರಾಯಣದ ತನಕ ಇದ್ದ ನೆಂಟರೆಲ್ಲ ಬಂದರು. ಗಂಗೆಪೂಜೆ ಆಯಿತು. ಮಾವ ಮೊಳಕೆಯೊಡೆದ ಮೀಸೆಯಲ್ಲಿ ಕೂತು ಒಬ್ಬೊಬ್ಬರಿಗೂ ಗಂಗಾಜಲದ ಗಿಂಡಿ ಕೊಟ್ಟು ಕಾಲು ಮುಟ್ಟಿಸಿಕೊಂಡರು. ಕಾಶಿಯ ಕಥೆ ಶುರುವಾಯಿತು. ಮೀಸೆಯನ್ನು ಅವರೇ ಮನಸ್ಸು ಮಾಡಿ ವಿಶ್ವನಾಥನಿಗೆ ಒಪ್ಪಿಸಿದ್ದಂತೆ. ಹಸುವನ್ನು ತಾವೇ ಕೇಳಿ ತರಿಸಿ ದಾನ ಮಾಡಿದ್ದಂತೆ. "ಗಂಗೆ ಎದ್ರ್ ಆಡಿದ್ ಮಾತ್ ಮಾತೇ. ಹಿಂದ್ ತಕಂಬುಕಿಲ್ಲ. ತಕಂಡ್ರೆ ವಂಶಕ್ಕೇ ಕೇಡ್," ಎಂದು ಪಂಡಾನ ಮಾತನ್ನೂ ತಮ್ಮದೇ ಮಾಡಿಕೊಂಡು ಸಾರಿದರು. ನೆಂಟರು ಗಿಂಡಿಯನ್ನು ಕಣ್ಣಿಗೆ ಒತ್ತಿಕೊಂಡು ಕೇಳಿದರು. ಊಟ ಹಾಕುವವರ ಸುಳ್ಳು ಎಲ್ಲರಿಗೂ ರುಚಿ.

ಹೆಂಗಸರ ಪಂಕ್ತಿಯಲ್ಲಿ ನಾನು ಅಮ್ಮನ ಪಕ್ಕ ಕೂತಿದ್ದೆ. ಎಲೆ ಎತ್ತಿದ ಮೇಲೆ ವೀಳ್ಯ, ಅದಾದ ಮೇಲೆ ನನ್ನ ಕಥೆ ಮುಗಿಯಿತು. ಅಮ್ಮ ಬದನೆ ಹುಳಿಯನ್ನು ಎರಡನೇ ಸಲ ಹಾಕಿಸಿಕೊಳ್ಳುವುದು ಕಂಡಿತು.

"ಬದ್ನೆ ಬಿಟ್ಟಿದ್ಯಲೆ ನೀನ್?" ಎಂದು ಪಿಸುಗುಟ್ಟಿದೆ.

"ಬಿಟ್ಟದ್ ಅಣ್ಣಯ್ಯ ಹೇಳಿದ್ ಮಾತಂಗೆ. ನನ್ ಮಾತಂಗಲ್ಲ," ಅಂದು ಹೋಳನ್ನು ಬಾಯಿಗಿಟ್ಟುಕೊಂಡಳು. ನನಗೆ ತಲೆಬುಡ ತಿಳಿಯಲಿಲ್ಲ.

ಜಗಲಿಯಲ್ಲಿ ವೀಳ್ಯದ ಹರಿವಾಣ ಇಟ್ಟರು. ಗಂಗೊಳ್ಳಿಯ ಮನುಷ್ಯ ಜರಿಯ ಶಾಲು ಹೊದ್ದು ಕಂಬಕ್ಕೆ ಒರಗಿದ್ದ. ನಮ್ಮಲ್ಲಿ ಯಜಮಾನ ಏನೇ ನಿಶ್ಚಯಿಸಲಿ, ಹೆತ್ತವಳ ಬಾಯಿಂದ ಹೂಂ ಬಾರದೆ ಹರಿವಾಣ ಕೈ ದಾಟುವಂತಿಲ್ಲ. ಬರದೇ ಹೋದದ್ದು ಯಾರಿಗೂ ನೆನಪಿಲ್ಲ, ಅದು ಬೇರೆ. ಆತನ ಮುದಿ ದೊಡ್ಡಮ್ಮ ಪದ್ಧತಿಯಂತೆ ಅಮ್ಮನನ್ನು ಕೇಳಿದಳು, "ಹೆಣ್ಣನ್ನ ಕೊಡ್ತ್ಯಾ ತಂಗಿ?"

ಅಮ್ಮ ಬಾಗಿಲ ದಾರಂದ ಹಿಡಿದು ನಿಂತಿದ್ದಳು. ಮಾತಿಲ್ಲ. ಮುದುಕಿ ಮತ್ತೆ ಕೇಳಿದಳು. ಮಾತಿಲ್ಲ.

"ಹೂಂ ಅನ್," ಅಂದರು ಮಾವ. "ಎಂತ ಕಾಂತ್ಯಾ? ಹೂಂ ಅನ್ನೂಕೆ ಎಂತ ಆಯ್ತ್ ನಿಂಗೆ?"

ಅಮ್ಮ ತಲೆ ಎತ್ತಿದಳು. ಅವಳು ಹೇಳಿದ್ದು ಅಂಗಳದಲ್ಲಿದ್ದವರಿಗೂ ಕೇಳಿಸಿತು.

"ಹೂಂ ಅಂಬ್ದನ್ನ ನಾನ್ ಕಾಶೀಲ್ ಬಿಟ್ಟ್ ಬಂದೆ ಅಣ್ಣಯ್ಯ. ಗಂಗೆ ನೀರ್ ಕೈಯಂಗ್ ಹಿಡ್ಕಂಡ್ ಬಿಟ್ಟದ್. ಹಿಂದ್ ತಕಂಡ್ರೆ ವಂಶಕ್ಕೇ ಕೇಡಂಬ್ರ್."

ಮಾವನ ಬಾಯಿ ತೆರೆದದ್ದು ತೆರೆದೇ ಇತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ತಾವೇ ಸಾರಿದ ಮಾತನ್ನು ಇಲ್ಲ ಅನ್ನುವುದು ಹೇಗೆ? ಇಲ್ಲ ಅಂದರೆ ಹಸುವೂ ಸುಳ್ಳು, ಮೀಸೆಯೂ ಸುಳ್ಳು. ಆ ಮುದುಕಿಯೇ ಮೊದಲು ಎದ್ದಳು. "ಗಂಗೆಗ್ ಬಿಟ್ಟದ್ದನ್ನ ಕೇಂಬುಕಾಗ," ಅಂದು ತಮ್ಮ ಹರಿವಾಣವನ್ನು ತಾನೇ ಎತ್ತಿಕೊಂಡಳು. ಗಂಗೊಳ್ಳಿಯವರು ಹೊಳೆ ದಾಟಿ ಹೋದರು. ಮಂಜಿಗಳೂ ಹೋದವು. ನಾನು ಹಿತ್ತಲಿಗೆ ಹೋಗಿ ಬದನೆ ಗಿಡಗಳ ನಡುವೆ ಕೂತು ಮನಸಾರೆ ಅತ್ತೆ.

ಮಾವ ಅಮ್ಮನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟರು. ಆ ಮನೆಗೆ ಅದಕ್ಕಿಂತ ದೊಡ್ಡ ಪುಣ್ಯ ಕಾಶಿಯಿಂದ ಬರಲಿಲ್ಲ. ಮುಂದೆ ಅವರಿಗೆ ಸಿಹಿಮೂತ್ರದ ಕಾಯಿಲೆ ಬಂದು, ಪಂಡಿತರು ದಿನಾ ಹಾಗಲಕಾಯಿ ರಸ ಕುಡಿಯಲು ಹೇಳಿದರು. ರಸ ಅಂದರೆ ಮದ್ದು, ತರಕಾರಿ ಅಲ್ಲ ಎಂದು ಮಾವ ತೀರ್ಮಾನಿಸಿ ಮೂಗು ಹಿಡಿದು ಕುಡಿದರು.

ಅಮ್ಮ ಮಾತ್ರ ತಾನು ಬಿಟ್ಟದ್ದನ್ನು ಮತ್ತೆ ಮುಟ್ಟಲಿಲ್ಲ. ಕಾಶಿಯಿಂದ ಬಂದು ಎರಡು ವರ್ಷ ಕಳೆದ ಮೇಲೆ ಬೈಂದೂರಿನಲ್ಲಿ ಬಸ್ ಏಜೆಂಟಾಗಿದ್ದವರ ಮನೆಯಿಂದ ಅವರ ಮಗನಿಗೆ ನನ್ನನ್ನು ಕೇಳಿಕೊಂಡು ಬಂದರು. ಅಲ್ಲಿಯ ನೆಂಟರ ಮನೆಗೆ ಹೋದಾಗ ಆ ಹುಡುಗನನ್ನು ಬಸ್ಸಿನ ಹತ್ತಿರ ಕಂಡಿದ್ದೆ. ಟಾಪಿನ ಮೇಲೆ ಮೂಟೆ ಏರಿಸುತ್ತಾ ಎಲ್ಲರಿಗೂ ಬೈಯುತ್ತಿದ್ದ, ಹೆಂಗಸರಿಗೆ ಸೀಟು ಮಾಡಿಸಿ ಕೊಡುತ್ತಿದ್ದ. ಜಗಲಿಯಲ್ಲಿ ಮತ್ತೆ ಹರಿವಾಣ ಬಂತು. ಹೆತ್ತವಳನ್ನು ಕೇಳಿದರು. ಎಲ್ಲರೂ ಅಮ್ಮನ ಬಾಯನ್ನೇ ನೋಡಿದರು. ನಾನೂ ನೋಡಿದೆ. ಬಿಟ್ಟದ್ದನ್ನು ಅವಳು ಆಡುವಂತಿಲ್ಲ, ಆಡದಿದ್ದರೆ ಇದೂ ಮುರಿಯಿತು.

ಅಮ್ಮ ನನ್ನ ಕಡೆಗೆ ತಿರುಗಿದಳು. ಆ ಮನೆಯಲ್ಲಿ ಅಲ್ಲಿಯ ತನಕ ಯಾವ ಹೆಣ್ಣಿಗೂ ಯಾರೂ ಕೇಳದ ಮಾತನ್ನು ಕೇಳಿದಳು, "ನಿಂಗ್ ಒಪ್ಪಿಗ್ಯಾ ಮಗಾ?"

ನಾನು ಹೂಂ ಅಂದೆ.