ಕೌದಿಗೆ ಒಂದು ತುತ್ತು

ಮುನಿಸಿಕೊಂಡು ಹೋದ ಕೆಲಸದಾಕೆಯನ್ನು ಕರೆತರಲು ಹೋದ ಮಾಲಕಿ, ಆಕೆಯ ಮನೆಯಲ್ಲೇ ಗಡದ್ದಾಗಿ ನಿದ್ದೆ ಹೊಡೆದದ್ದನ್ನು ಎಲ್ಲಾದರೂ ಕೇಳಿದ್ದೀರಾ? ಹೋದ ಬುಧವಾರ ನಾನು ಮಾಡಿದ್ದು ಅದನ್ನೇ.

ಬೈರಿದೇವರಕೊಪ್ಪದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದೂವರೆ ವರ್ಷದಿಂದ ಕೌದಿ ಹೊಲಿಯುವ ಕೆಲಸ ನಡೆದಿದೆ. ಜನ ಹಳೆಯ ಸೀರೆ ಕಳಿಸುತ್ತಾರೆ, ನಾವು ಪದರ ಪದರ ಜೋಡಿಸಿ ಹೊದಿಕೆಯಾಗಿ ಹೊಲಿದು ಕೊಡುತ್ತೇವೆ. 'ನಾವು' ಅಂದರೆ ಅಮ್ಮಿನಬಾವಿಯಿಂದ ಎರಡು ಬಸ್ ಬದಲಿಸಿ ಬರುವ ಯಲ್ಲವ್ವ ಮತ್ತು ಪಕ್ಕದ ಓಣಿಯ ಶೋಭಾ. ನಾನು? ಫೋನ್ ಎತ್ತುವವಳು, ಫೋಟೋ ಕಳಿಸುವವಳು, ಟೈಮ್ ನೋಡುವವಳು. ಮಧ್ಯಾಹ್ನದ ಬಿಸಿಲು ಯಾರದೋ ಇಳಕಲ್ ಸೀರೆಯ ಮೇಲೆ ಬಂದು ಕೂರುತ್ತದೆ. ಟ್ರಂಕಿನಿಂದ ಈಗಷ್ಟೇ ತೆಗೆದ ವಾಸನೆ. ದಾರ ಎಳೆಯುವ ಸಣ್ಣ ಸಪ್ಪಳ. ಎಷ್ಟೋ ಸಲ ಫೋನ್ ಎತ್ತುವುದನ್ನೂ ಮರೆತು ಕೂತಿರುತ್ತೇನೆ.

ಪುಣೆಯಲ್ಲಿರುವ ನಮ್ಮ ಕಡೆಯವರೇ ಒಬ್ಬ ಮೇಡಂ, ತೀರಿಕೊಂಡ ತಾಯಿಯ ಸೀರೆಗಳನ್ನು ಕಳಿಸಿದ್ದರು. ನಾಲ್ಕು ಮಕ್ಕಳಿಗೆ ನಾಲ್ಕು ಕೌದಿ. ವರ್ಷದ ತಿಥಿಗೆ ಎಲ್ಲರೂ ಸೇರುವಷ್ಟರಲ್ಲಿ ಬೇಕು. ಮೊದಲನೆಯದನ್ನು ಕಳಿಸಿದೆವು. ಶನಿವಾರ ಮೆಸೇಜ್ ಬಂತು: 'ಮೂಲೆಯಲ್ಲಿ ಏನೋ ಗಟ್ಟಿಯಾಗಿ ಸಿಗುತ್ತಿದೆ. ಏನದು?'

ಎರಡನೆಯ ಕೌದಿ ಮುಗಿದು ಅಲ್ಲೇ ಮಡಚಿ ಕೂತಿತ್ತು. ಮೂಲೆ ಒತ್ತಿ ನೋಡಿದೆ. ಅಲ್ಲೂ ಗಟ್ಟಿ! ಕತ್ತರಿ ತಂದು ಬಿಚ್ಚಿದೆ. ಒಳಗೆ ಒಣ ರೊಟ್ಟಿಯ ಚೂರು.

"ಏನಿದು ಯಲ್ಲವ್ವಾ?"

"ಕೌದಿ ಉಣ್ಣೂದು ಬ್ಯಾಡೇನ್ರಿ ಅಕ್ಕಾರ? ಕಡೀ ಮೂಲಿ ಮುಚ್ಚೂ ಮುಂದ ಒಂದ್ ತುತ್ತು ಇಡ್ತೀವ್ರಿ. ನಮ್ಮವ್ವ ಇಡ್ತಿದ್ಲು, ಆಕಿ ಅವ್ವನೂ ಇಡ್ತಿದ್ಲು."

"ಇರಿವಿ ಬರ್ತಾವಲ್ಲ!"

"ಬರೂದಿಲ್ಲ ಬಿಡ್ರಿ," ಶೋಭಾ ಬಾಯಿ ಹಾಕಿದಳು. "ಯಲ್ಲವ್ವನ ರೊಟ್ಟಿ ಕಡ್ಯಾಕ ಇರಿವಿಗೆ ಹಲ್ಲೆಲ್ಲಿ ಅದಾವ?"

ಆಗ ನಾನೂ ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. (ಕಾನ್ವೆಂಟಿನಲ್ಲಿ ಕಲಿತವಳು ನಾನು. ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಂಗ್ಲಿಷ್ ಬರುತ್ತದೆ.) "ದಿಸ್ ಈಸ್ ನಾಟ್ ಹೈಜೀನಿಕ್" ಅಂದೆ. ಚೂರನ್ನು ಎರಡೇ ಬೆರಳಿನಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಯಲ್ಲವ್ವ ನನ್ನನ್ನು ನೋಡಲಿಲ್ಲ, ಬುಟ್ಟಿಯನ್ನು ನೋಡಿದಳು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದು ಹೋದಳು.

ಸೋಮವಾರ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನ್ ಸ್ವಿಚ್ ಆಫ್. ತಿಥಿ ಹತ್ತಿರ ಬಂತು, ಎರಡು ಕೌದಿ ಶುರುವೇ ಆಗಿಲ್ಲ, ಒಂದು ಬಾಯಿ ತೆರೆದು ಬಿದ್ದಿದೆ. ಅದನ್ನಾದರೂ ಮುಚ್ಚು ಅಂದರೆ ಶೋಭಾ ಕೈ ಕಟ್ಟಿ ಕೂತಳು. "ನಾ ಒಲ್ಲೆರಿ. ಬಿಚ್ಚಿದವ್ರು ನೀವು."

ಬುಧವಾರ ಅಮ್ಮಿನಬಾವಿಗೆ ಹೋದಾಗ ಯಲ್ಲವ್ವ ಹೊಲದಲ್ಲಿದ್ದಳು. ಸೊಸೆ ಪಡಸಾಲೆಯಲ್ಲಿ ಒಂದು ಕೌದಿ ಹಾಸಿ, "ಕುಂಡ್ರಿ, ಅತ್ತಿ ಬರೂ ಹೊತ್ತಾತು" ಅಂದಳು. ಚಹಾ ಕೊಟ್ಟಳು. ಕೌದಿಯಲ್ಲಿ ಯಾರದೋ ಶಾಲೆಯ ಅಂಗಿಯ ನೀಲಿ, ಯಾರದೋ ಕುಪ್ಪಸದ ಹಸಿರು. ಬೆರಳು ಒಂದೊಂದೇ ಹೊಲಿಗೆಯ ಸಾಲು ಹಿಡಿದು ಹೊರಟಿತು. ಕಂಬಕ್ಕೆ ಸ್ವಲ್ಪ ಒರಗಿದೆ. ಸ್ವಲ್ಪ ಮಾತ್ರ.

ಕನಸಿನಲ್ಲಿ ನಮ್ಮ ಕಾನ್ವೆಂಟಿನ ಹೊಲಿಗೆ ಕ್ಲಾಸಿನ ಸಿಸ್ಟರ್ ಬಂದರು. ನನ್ನ ಬಟ್ಟೆ ತಿರುವಿ, ಹಿಂಬದಿ ನೋಡಿ, 'ನೀಟ್' ಅಂದರು. ಆಮೇಲೆ, ಜೀವಮಾನದಲ್ಲಿ ಎಂದೂ ಕೇಳದಿದ್ದವರು, 'ಹಸಿವಾಗಿದೆಯಾ?' ಅಂದರು.

ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು. ನನ್ನ ಮೇಲೆ ಯಾರೋ ಕೌದಿಯ ಅರ್ಧ ಹೊದಿಸಿದ್ದರು. ಎದುರಿಗೆ ಯಲ್ಲವ್ವ. ಸೂಜಿ ಇನ್ನೂ ಸೆರಗಿನಲ್ಲೇ ಇತ್ತು.

"ನಿದ್ದಿ ಛಲೋ ಬಂತಲ್ರಿ ಅಕ್ಕಾರ? ಹೊಟ್ಟಿ ತುಂಬಿದ ಕೌದಿ ಅದು."

ಮೆಲ್ಲಗೆ ಮೂಲೆ ಮುಟ್ಟಿ ನೋಡಿದೆ. ಇತ್ತು, ಸಣ್ಣದೊಂದು ಗಟ್ಟಿ.

"ತಪ್ಪಾತು ಯಲ್ಲವ್ವ."

"ಬಿಚ್ಚಿದ್ದಕ್ಕ ಸಿಟ್ಟಿಲ್ರಿ. ಬಿಚ್ಚಿದ್ದು ಹೊಲೀಬಹುದು. ಬುಟ್ಟಿಗೆ ಒಗದ್ರಲ್ಲಾ, ಅದಕ್ಕ." ಸೆರಗಿನ ಸೂಜಿ ಮುಟ್ಟಿಕೊಂಡಳು. "ತೀರಿದ ತಾಯಿ ಸೀರಿ ಅವು. ಆಕಿ ಎಂದರ ಮಕ್ಕಳನ್ನ ಹಸದು ಮಲಗಿಸಿದ್ಲೇನು?"

ಈ ಸಲ ಇಂಗ್ಲಿಷ್ ಬರಲಿಲ್ಲ; ಚೂರು ಎಸೆದ ಅದೇ ಎರಡು ಬೆರಳಿನಿಂದ ಕೌದಿಯ ಮೂಲೆ ಸವರಿದೆ.

ಕೆಲಸಕ್ಕೆ ಜನರನ್ನು ಇಟ್ಟುಕೊಂಡರೆ ಬರುವುದು ಎರಡು ಕೈ ಅಂತ ತಿಳಿದಿದ್ದೆ. ಕೈಗಳ ಹಿಂದೆ ಅವರವ್ವ ಬರುತ್ತಾಳೆ, ಆಕೆಯ ಅವ್ವನೂ ಬರುತ್ತಾಳೆ. ಇವರಿಗೆಲ್ಲ ನಾನು ಯಾವ ಟೈಮಿಂಗ್ ಹಾಕಲಿ? ಯಾವ ರೂಲ್ಸ್ ಓದಿ ಹೇಳಲಿ?

ಪಡಸಾಲೆಯಲ್ಲೇ ಒಪ್ಪಂದವಾಯಿತು. ರೊಟ್ಟಿ ಬೇಡ, ನಾಲ್ಕು ಕಾಳು ಜೋಳ ಸಾಕು. "ಆದ್ರ ಖಾಲಿ ಮುಚ್ಚಾಂಗಿಲ್ಲ. ಮತ್ತ, ನೀವು ಬಿಚ್ಚೀರಿ, ನೀವ ಉಣಸ್ರಿ" ಅಂದಳು ಯಲ್ಲವ್ವ.

ಗುರುವಾರ ಬೆಳಿಗ್ಗೆ ತೆರೆದ ಮೂಲೆಯಲ್ಲಿ ನಾಲ್ಕು ಕಾಳು ಇಟ್ಟೆ. "ಉಪ್ಪಿನಕಾಯಿ ಬ್ಯಾಡೇನ್ರಿ?" ಅಂದಳು ಶೋಭಾ. ಈ ಸಲ ಮೂವರೂ ನಕ್ಕೆವು. ಯಲ್ಲವ್ವ ಸೆರಗಿನಿಂದ ಸೂಜಿ ತೆಗೆದಳು.

ಪುಣೆಯ ಮೇಡಂ ಮೆಸೇಜಿಗೆ ಉತ್ತರ ಬಾಕಿ ಇತ್ತು. 'ಮೇಡಂ, ಅದು ಕೌದಿಯ ಊಟ' ಎಂದು ಟೈಪ್ ಮಾಡಿದೆ. ಊಟದ ಮಾತೆತ್ತಿದ ಮೇಲೆ, ಈ ಊರಿನವಳಾಗಿ ಇಷ್ಟಕ್ಕೇ ಬಿಡುವುದು ಹೇಗೆ? ಇನ್ನೊಂದು ಸಾಲು ಸೇರಿಸಿದೆ:

'ನಿಮ್ಮದು ಆತೇನ್ರಿ?'